ಸೀನು ಮಾಮನ ಸಿನಿಮಾ ಹುಡುಕಿಕೊಂಡು

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದಕ್ಕಿಂತ ಸಿನಿಮಾ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಶನಿವಾರ ಸಂಜೆ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕುಳಿತೆವೆಂದರೆ ರಿಮೋಟು ನನ್ನ ಕೈಯಿಂದ ನನ್ನ ಗಂಡ ರಘುವಿನ ಕೈಗೆ, ಅಲ್ಲಿಂದ ಮಗಳು ಮೇಘಳ ಕೈಗೆ ಹೋಗಿ, ಮತ್ತೆ ನನ್ನ ಬಳಿಗೇ ಬರುತ್ತದೆ. ಒಂದೊಂದು ಪೋಸ್ಟರಿನ ಮೇಲೂ ನಿಂತು, ತೀರ್ಪು ಕೊಟ್ಟು, ಮುಂದೆ ಸಾಗುತ್ತೇವೆ. "ಇದ್ರಲ್ಲಿ ನಾಯಿ ಸಾಯುತ್ತೆ, ಬೇಡ" ಎನ್ನುತ್ತಾರೆ ರಘು. "ಇದು ಕಂಡದಾ" ಎನ್ನುತ್ತಾಳೆ ಮೇಘ. ನೋಡಿದ್ದಾಗಿದೆ ಎಂದು ಅದರ ಅರ್ಥ. ನಾವು ಕನ್ನಡದಲ್ಲಿ ಏನೇ ಕೇಳಲಿ, ತಿರುವನಂತಪುರದಲ್ಲೇ ಬೆಳೆದ ಅವಳು ಉತ್ತರಿಸುವುದು ಮಲಯಾಳದಲ್ಲಿ. ಕೊನೆಗೆ ಯಾವುದೋ ಒಂದನ್ನು ಬಾಡಿಗೆಗೆ ತೆಗೆದುಕೊಳ್ಳುವ ಹೊತ್ತಿಗೆ ತಟ್ಟೆಯಲ್ಲಿ ಕೈ ಒಣಗಿರುತ್ತದೆ. ಸಿನಿಮಾ ಶುರುವಾಗುವಾಗ ನಾನು ಸೋಫಾದ ಮೂಲೆಯಲ್ಲಿ ನಿದ್ದೆ ಹೋಗಿರುತ್ತೇನೆ. ಹೀಗೆ ನಾನು ಬಾಡಿಗೆ ಕೊಟ್ಟು ನಿದ್ರಿಸಿದ ಸಿನಿಮಾಗಳು ಬಹಳ.

ಬಾಡಿಗೆ ಸಿನಿಮಾ ಎಂದರೆ ನಿಮಗೇನು ನೆನಪಾಗುತ್ತದೋ ಕಾಣೆ, ನನಗೆ ಸೀನು ಮಾಮ ನೆನಪಾಗುತ್ತಾನೆ. ಸೀನು ಮಾಮ ನನ್ನ ಅಮ್ಮನ ತಮ್ಮ. ನಾನು ಮೈಸೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ರಜೆ ಬಂದರೆ ಸಾಕು, ವಿಡಿಯೊ ಅಂಗಡಿಯಿಂದ ಕ್ಯಾಸೆಟ್ಟುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. ಒಮ್ಮೆ ಭಕ್ತಿಪ್ರಧಾನ ಸಿನಿಮಾ ಎಂದು ಹೇಳಿ ತಂದ. ಅಮ್ಮ ದೀಪ ಹಚ್ಚಿ, ಕೈಮುಗಿದು ಕುಳಿತಳು. ದೇವರ ಬದಲು ಪರದೆಯ ಮೇಲೆ ಬಂದದ್ದು ಯಾರದೋ ಮದುವೆ! ಪುಣ್ಯಾತ್ಮರು ಯಾರೋ ಬಾಡಿಗೆ ಕ್ಯಾಸೆಟ್ಟಿನ ಮೇಲೆಯೇ ಮಗಳ ಮದುವೆಯನ್ನು ಅಚ್ಚು ಹಾಕಿಸಿದ್ದರು. ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ನಾವು ಆ ಮದುವೆಯನ್ನು ವರಪೂಜೆಯಿಂದ ಬೀಗರ ಔತಣದವರೆಗೆ ನೋಡಿದೆವು. "ಹುಡುಗಿ ಲಕ್ಷಣವಾಗಿದ್ದಾಳೆ. ಬಡಿಸೋರು ಮಾತ್ರ ಸರಿ ಇಲ್ಲ, ಕೊನೇ ಪಂಕ್ತಿಗೆ ಪಾಯಸವೇ ಬರಲಿಲ್ಲ" ಎಂದಳು ಅಮ್ಮ. ಸೀನು ಮಾಮ ಮಾತ್ರ ಆ ಮದುವೆಯ ಪುರೋಹಿತರನ್ನು ಎಷ್ಟು ಚೆನ್ನಾಗಿ ಗಮನಿಸಿದ್ದನೆಂದರೆ, ಮುಂದೆ ಒಂದು ತಿಂಗಳು ಅವರಂತೆಯೇ ಮೂಗಿನಲ್ಲಿ ಮಂತ್ರ ಹೇಳಿ ನಮ್ಮನ್ನು ನಗಿಸಿದ.

ರಘುವಿಗೆ ಶ್ರೀಕಾರ್ಯಂನ ಗೆಡ್ಡೆಗೆಣಸು ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿ ನಾವು ತಿರುವನಂತಪುರಕ್ಕೆ ಬಂದಾಗ ಇಲ್ಲಿಯೂ ಡಿವಿಡಿ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ರಘು ಹಗಲೆಲ್ಲ ಮರಗೆಣಸಿನ ಜೊತೆ ಇರುತ್ತಿದ್ದರು. ನನಗೆ ಇಲ್ಲಿನ ಕಚೇರಿಗೆ ಇನ್ನೂ ವರ್ಗವಾಗಿರಲಿಲ್ಲ, ರಜೆ ಹಾಕಿ ಮನೆಯಲ್ಲಿದ್ದೆ. ಬೇಜಾರು ತಡೆಯಲಾರದೆ ಅಂಗಡಿಗೆ ಹೋಗಿ ಕನ್ನಡ ಸಿನಿಮಾ ಇದೆಯೇ ಎಂದೆ. ಅಂಗಡಿಯ ಚೇಚ್ಚಿ, ಎಂದರೆ ಅಕ್ಕ, ಬಹಳ ಹುಡುಕಿ ಒಂದು ತೆಲುಗು ಸಿನಿಮಾ ಕೊಟ್ಟರು. ಇದು ಕನ್ನಡ ಅಲ್ಲವಲ್ಲ ಎಂದರೆ, "ಅಕ್ಷರಂ ಉರುಂಡದಲ್ಲೇ, ಮೋಳೇ?" ಎಂದು ನನ್ನನ್ನೇ ಕೇಳಿದರು. ಅಕ್ಷರ ಗುಂಡಗಿದೆಯಲ್ಲ, ಮತ್ತೇನು ತಕರಾರು ಮಗಳೇ ಎಂದು. ಅವರ ಅಕ್ಷರಗಳೂ ಗುಂಡಗಿರುವುದನ್ನು ನೆನಪಿಸುವಷ್ಟು ಮಲಯಾಳ ನನಗೆ ಆಗ ಬರುತ್ತಿರಲಿಲ್ಲ. ತೆಲುಗು ಸಿನಿಮಾವನ್ನೇ ತಂದು ನೋಡಿದೆ. ಚೆನ್ನಾಗಿಯೇ ಇತ್ತು.

ಆದರೆ ನಾನು ಹೇಳಹೊರಟದ್ದು ಸೀನು ಮಾಮನ ವಿಷಯ.

ಅವನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹೊಟ್ಟೆಪಾಡಿಗೆ ಡ್ರಾಯಿಂಗ್, ಪ್ರಾಣಕ್ಕೆ ನಾಟಕ. ಹವ್ಯಾಸಿ ತಂಡಗಳಲ್ಲಿ ಜೀವಮಾನವಿಡೀ ಪಾತ್ರ ಮಾಡಿದ. ಬಹುಪಾಲು ಈಟಿ ಹಿಡಿದು ನಿಲ್ಲುವ ಪಾತ್ರಗಳು. ರಾಜ ಬದಲಾಗುತ್ತಿದ್ದ, ಮಂತ್ರಿ ಬದಲಾಗುತ್ತಿದ್ದ, ದ್ವಾರಪಾಲಕ ಮಾತ್ರ ಸೀನು ಮಾಮನೇ. ಅಮ್ಮ ಅವನ ಒಂದು ನಾಟಕವನ್ನೂ ನೋಡಿರಲಿಲ್ಲ. ಅವರ ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಬೆಳೆಸಿದವಳು ಅಮ್ಮನೇ. ಅವನು ಕಾಲೇಜಿನಲ್ಲಿದ್ದಾಗ ರಿಹರ್ಸಲ್ಲಿನ ಗುಂಗಿನಲ್ಲಿ ಒಂದು ಪರೀಕ್ಷೆಯನ್ನೇ ಮರೆತುಬಿಟ್ಟನಂತೆ. ಅಂದಿನಿಂದ ಅಮ್ಮ ನಾಟಕವೆಂದರೆ ಮುಖ ತಿರುಗಿಸಿದಳು. ಜಗಳವೇನಿಲ್ಲ. ಅವನು ಪ್ರತಿ ಸಲವೂ ಬಂದು, "ಅಕ್ಕ, ಶನಿವಾರ ನಾಟಕ ಇದೆ" ಎನ್ನುತ್ತಿದ್ದ. ಅವಳು "ಹೂಂ" ಎಂದು ಅವನಿಗೆ ಇಷ್ಟವಾದ ಗೊಜ್ಜವಲಕ್ಕಿ ಮಾಡಿ ಕೊಡುತ್ತಿದ್ದಳು. ಶನಿವಾರ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆಯೇ ನಡೆದು, ಕರೆಯುವುದು ಅವನ ಕರ್ತವ್ಯ, ಹೋಗದಿರುವುದು ಅವಳ ಕರ್ತವ್ಯ ಎಂಬಂತಾಗಿತ್ತು.

ಈಚೆಗೆ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದಳು. ಆಪರೇಷನ್ ಮುಗಿದು, ಕಪ್ಪು ಕನ್ನಡಕ ಹಾಕಿಕೊಂಡು, ಪತ್ತೇದಾರಿಯಂತೆ ಮನೆಯಲ್ಲಿ ಓಡಾಡಿಕೊಂಡಿದ್ದಾಗ ಸೀನು ಮಾಮನ ಫೋನ್ ಬಂತು.

"ಅಕ್ಕ, ನಾನು ಸಿನಿಮಾದಲ್ಲಿ ಮಾಡಿದ್ದೀನಿ. ಈ ಶುಕ್ರವಾರ ಬಿಡುಗಡೆ."

"ಯಾವ ಪಾರ್ಟು? ಬಾಗಿಲು ಕಾಯೋದಾ?"

"ಇಲ್ಲಕ್ಕ. ಮಾತಿದೆ."

"ಎಷ್ಟು?"

"ಒಂದು."

"ಏನದು, ಹೇಳು ನೋಡೋಣ."

"ಅದು ಹೇಳಿದ್ರೆ ಚೆನ್ನಾಗಿರಲ್ಲಕ್ಕ, ನೋಡಬೇಕು. ನೀನು ಊರಲ್ಲಿಲ್ಲವಲ್ಲ. ಹೋಗಲಿ ಬಿಡು. ಇದ್ದಿದ್ರೂ..." ಎಂದು ಅಲ್ಲಿಗೇ ನಿಲ್ಲಿಸಿದ. ಫೋನು ಸ್ಪೀಕರಿನಲ್ಲಿದ್ದುದರಿಂದ ಆ ಅರ್ಧ ಮಾತು ನಮ್ಮೆಲ್ಲರಿಗೂ ಕೇಳಿಸಿತು.

ಅಮ್ಮ ಫೋನಿಟ್ಟು, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮಲಗಿದಳು. ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುತ್ತ, ಯಾರನ್ನೂ ಉದ್ದೇಶಿಸದವಳಂತೆ, "ಯಾವ ಊರಲ್ಲಿ ಯಾವ ಸಿನಿಮಾ ಇದೆ ಅಂತ ಈಗ ಫೋನಲ್ಲೇ ಗೊತ್ತಾಗುತ್ತಂತೆ" ಎಂದಳು. ಮೇಘ ತಕ್ಷಣ ಫೋನ್ ತೆಗೆದಳು. ತಿರುವನಂತಪುರದಲ್ಲಿ ಮಲಯಾಳ ಇತ್ತು, ತಮಿಳು ಇತ್ತು, ಹಿಂದಿ ಇತ್ತು, ಜಪಾನಿನ ಕಾರ್ಟೂನೂ ಇತ್ತು. ಕನ್ನಡ ಇರಲಿಲ್ಲ. ಮೈಸೂರಿನಲ್ಲಿ ಒಂದೇ ಪರದೆ. ಅದೂ ಮುಂದಿನ ವಾರಕ್ಕೆ ಉಳಿಯುವ ಹಾಗೆ ಕಾಣಲಿಲ್ಲ. ನಾಲ್ಕೈದು ದಿನದಲ್ಲಿ ಡಾಕ್ಟರು ಅಮ್ಮನ ಕಣ್ಣು ನೋಡಬೇಕಿತ್ತು, ಮೈಸೂರಿನ ಕಡೆಯ ರೈಲುಗಳೆಲ್ಲ ತುಂಬಿದ್ದವು. ಮೇಘ ಊರಿನ ಹೆಸರು ಬದಲಿಸಿ ಕೊಚ್ಚಿ ಎಂದು ಒತ್ತಿದಳು. ಒಂದು ಮಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಒಂದೇ ಒಂದು ಷೋ!

"ಕೊಚ್ಚಿ ದೂರವೇನೆ?" ಎಂದು ಕೇಳಿದಳು ಅಮ್ಮ. ನಾನು ಉತ್ತರ ಹೇಳುವ ಮೊದಲೇ ಎದ್ದುಹೋಗಿ ರೇಷ್ಮೆ ಸೀರೆ ತೆಗೆದು ಹಾಸಿಗೆಯ ಮೇಲೆ ಹರಡಿದಳು.

ರಘುವಿಗೆ ಗೆಣಸು ಕೀಳುವ ಕೆಲಸವಿತ್ತು. ನಾವು ಮೂವರು ಹೆಂಗಸರು ಶನಿವಾರವೇ ರೈಲು ಹತ್ತಿ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಇಳಿದೆವು. ಅಲ್ಲಿ ನನ್ನ ಗೆಳತಿ ವಸುಧಾ ಇದ್ದಾಳೆ. ಧಾರವಾಡದವಳು, ಬ್ಯಾಂಕಿನಲ್ಲಿ ಅಧಿಕಾರಿ. ಹೊಳೆಯ ಆಚೆಗೂ ಕೇಳುವ ದನಿ. "ಬರ್ರಿ ಅಮ್ಮಾ, ಬರ್ರಿ! ತಮ್ಮನ ಸಿನಿಮಾಕ್ಕ ಅಕ್ಕ ಇಷ್ಟ ದೂರ ಬಂದಾಳಂದ್ರ ನಾ ಬಿಡ್ತೀನೇನು? ನಾನೂ ಬರ್ತೀನಿ" ಎಂದು ತನಗೂ ಟಿಕೆಟ್ ತೆಗೆಸಿದಳು.

ಭಾನುವಾರ ಮೆಟ್ರೊ ಹತ್ತಿದೆವು. ಅಮ್ಮ ಕಪ್ಪು ಕನ್ನಡಕ, ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ನೋಡಿದವರು ಇವರೇ ಸಿನಿಮಾದವರು ಎನ್ನಬೇಕು. ವೈಟ್ಟಿಲದಲ್ಲಿ ಜನ ಇಳಿದು ಹತ್ತುವಾಗ ಮೇಘಳ ಫೋನು ಟಿಣ್ ಎಂದಿತು. ಅವಳು ಓದಿ ನನಗೆ ತೋರಿಸಿದಳು. ಷೋ ರದ್ದಾಗಿದೆ, ನಿಮ್ಮ ಹಣ ವಾಪಸು ಬರುತ್ತದೆ.

"ಏನಂತೆ?" ಎಂದಳು ಅಮ್ಮ. ಹೊಸ ಕಣ್ಣು, ನಮ್ಮ ಮುಖಗಳು ಚೆನ್ನಾಗಿಯೇ ಕಾಣುತ್ತಿದ್ದವು.

ನಾನು ತಡವರಿಸಿ ಹೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿದಳು. "ಹೋಗಲಿ ಬಿಡು" ಎಂದಳು, ಥೇಟು ತಮ್ಮನ ದನಿಯಲ್ಲಿ.

"ಅದ್ಹೆಂಗ ಹೋಗತದ?" ಎಂದಳು ವಸುಧಾ. "ಅವ್ರು ಕ್ಯಾನ್ಸಲ್ ಅಂದ ಕೂಡ್ಲೇ ಕ್ಯಾನ್ಸಲ್ ಆಗೂದಿಲ್ರಿ ಅಮ್ಮಾ. ನಾ ಬ್ಯಾಂಕಿನ್ಯಾಗ ಇದ್ದಾಕಿ, ನನಗ ಗೊತ್ತದ. ಹೋಗಿ ಎದುರಿಗೆ ನಿಂತು ಕೇಳಬೇಕು."

ಎದುರಿಗೆ ನಿಂತು ಕೇಳಿದೆವು. ಥಿಯೇಟರಿನ ಮ್ಯಾನೇಜರು ಮೀಸೆ ನರೆತ, ಸೌಮ್ಯ ಮನುಷ್ಯ. ಬಹಳ ಬೇಸರದಿಂದಲೇ ಕೈ ಮಡಚಿ ನಿಂತು, "ನಿಙ್ಙಳ್ ನಾಲು ಪೇರೇ ಉಳ್ಳೂ, ಚೇಚ್ಚೀ" ಎಂದರು. ನೀವು ನಾಲ್ಕೇ ಜನ ಇರುವುದು ಎಂದು. ಇಷ್ಟು ದೊಡ್ಡ ಹಾಲಿನಲ್ಲಿ ನಾಲ್ವರಿಗೆ ಹೇಗೆ ಓಡಿಸಲಿ, ಒಂದು ಡಜನ್ ಜನರಾದರೂ ಬೇಡವೇ ಎಂದರು. ನಂತರ ಅಮ್ಮನ ಮಲ್ಲಿಗೆ, ಸೀರೆ ನೋಡಿ, ಇಷ್ಟು ದೂರದಿಂದ ಯಾಕೆ ಬಂದಿರಿ ಎಂದು ಕೇಳಿದರು. ಅಮ್ಮನಿಗೆ ಪ್ರಶ್ನೆ ಹೇಗೆ ಅರ್ಥವಾಯಿತೋ, ಎದೆ ಮುಟ್ಟಿಕೊಂಡು, "ನನ್ನ ತಮ್ಮ. ಸಿನಿಮಾದಲ್ಲಿ. ನನ್ನ ತಮ್ಮ" ಎಂದಳು.

ಮೇಘ ನಮ್ಮ ಪಕ್ಕದಿಂದ ಮಾಯವಾದದ್ದು ಆಗಲೇ. ಪಕ್ಕದ ಹಾಲಿನಲ್ಲಿ ಹೊಸ ಮಲಯಾಳ ಸಿನಿಮಾ ಒಂದು ಭರ್ತಿಯಾಗಿ, ಟಿಕೆಟ್ ಸಿಗದವರು ಅತ್ತ ಮನೆಗೂ ಹೋಗಲಾರದೆ, ಇತ್ತ ಒಳಕ್ಕೂ ಹೋಗಲಾರದೆ ನಿಂತಿದ್ದರು. ಮನೆಯಲ್ಲಿ ಪಕ್ಕದ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತಾ ಎಂದರೆ ನಾಚಿಕೊಳ್ಳುವ ನನ್ನ ಮಗಳು ಅವರ ನಡುವೆ ನಿಂತು, "ಎಂಡೆ ಅಮ್ಮೂಮ್ಮೇಡೆ ಅನಿಯನ್ ಅಭಿನಯಿಚ್ಚ ಪಡಮಾ. ಒನ್ನು ಕಾಣಾಮೋ?" ಎನ್ನುತ್ತಿದ್ದಳು. ನಮ್ಮಜ್ಜಿಯ ತಮ್ಮ ಮಾಡಿದ ಸಿನಿಮಾ, ಒಂದು ಸಲ ನೋಡುತ್ತೀರಾ ಎಂದು. ಜನ ಅವಳನ್ನು ನೋಡಿದರು, ಅವಳು ಬೆರಳು ಮಾಡಿದ ಕಡೆ ಮಲ್ಲಿಗೆ ಮುಡಿದು ನಿಂತ ಅಮ್ಮನನ್ನು ನೋಡಿದರು. ಅಮ್ಮ ಸಭೆಗೆ ಮಾಡುವಂತೆ ಎಲ್ಲರಿಗೂ ಕೈಮುಗಿದಳು.

ರಜೆಯ ದಿನ ಕಳೆಯಲು ಬಂದಿದ್ದ ನರ್ಸುಗಳ ಗುಂಪೊಂದು ಮೊದಲು ಒಪ್ಪಿತು. ಅವರ ಹಿಂದೆ ಹೊಸದಾಗಿ ಮದುವೆಯಾದ ಜೋಡಿ. ಆಮೇಲೆ ಮುಂಡು ಪಂಚೆ ಉಟ್ಟ ಒಬ್ಬ ಹಿರಿಯರು. ಅವರು ಯಾವ ಸಿನಿಮಾ ಎಂದೂ ಕೇಳಲಿಲ್ಲ, ಒಳಗೆ ಎಸಿ ಇದೆಯೇ ಎಂದು ಮಾತ್ರ ಕೇಳಿದರು. ಈ ಕಡೆ ವಸುಧಾ ಫೋನಿನಲ್ಲಿ ಗುಡುಗುತ್ತಿದ್ದಳು. "ಇಡ್ಲಿ ಸಂಜಿಗೆ ತಿನ್ರಿ! ಈಗ ಬರ್ರಿ!" ಹತ್ತಿರದಲ್ಲಿದ್ದ ಒಂದು ಕನ್ನಡ ಕುಟುಂಬ ಆಟೋದಲ್ಲಿ ಬಂದಿಳಿಯಿತು. ಆ ಮನೆಯ ಯಜಮಾನರು ಕಾಸರಗೋಡಿನವರು. "ಎಂತದ್ದು, ಬೆಂಕಿ ಬಿದ್ದ ಹಾಗೆ ಕರೆದ್ರಲ್ಲ ಮಾರಾಯ್ರೆ, ನಾನು ಚಪ್ಪಲಿ ಸಮ ಹಾಕಿದ್ದೇನಾ ಅಂತಲೂ ನೋಡ್ಲಿಲ್ಲ" ಎಂದರು. ನೋಡಿದರೆ ನಿಜವಾಗಿಯೂ ಎರಡು ಕಾಲಿನಲ್ಲಿ ಎರಡು ಬಗೆಯ ಚಪ್ಪಲಿ!

ಮ್ಯಾನೇಜರು ತಲೆಗಳನ್ನು ಒಮ್ಮೆ ನೋಡಿ, ನಕ್ಕು, ಬಾಗಿಲು ತೆಗೆಸಿದರು.

ಸಿನಿಮಾ ಶುರುವಾಯಿತು. ಸಣ್ಣ ಊರೊಂದರ ತಮಾಷೆಯ ಕಥೆ, ಕೆಳಗೆ ಇಂಗ್ಲಿಷ್ ಅಕ್ಷರ. ಚೆನ್ನಾಗಿತ್ತೋ ಇಲ್ಲವೋ ನಾನು ಹೇಳಲಾರೆ. ನಾವು ಯಾರೂ ಕಥೆ ನೋಡಲಿಲ್ಲ, ಸೀನು ಮಾಮನನ್ನು ಹುಡುಕಿದೆವು. ತೆರೆಯ ಮೇಲೆ ಯಾವ ಮುದುಕ ಬಂದರೂ ಹಿಂದಿನ ಸಾಲಿನಿಂದ ನರ್ಸುಗಳು, "ಅಮ್ಮೂಮ್ಮೇ, ಇದಾಣೋ?" ಎಂದು ಕೇಳುತ್ತಿದ್ದರು. ಇವರೇನಾ? ಪೂಜಾರಿ ಬಂದ, ಅಲ್ಲ. ಕುಡುಕ ಬಂದ. "ಛೆ ಛೆ, ನಮ್ಮ ಸೀನ ಹಾಗೆಲ್ಲ ಇಲ್ಲ!" ಎಂದಳು ಅಮ್ಮ. ಒಬ್ಬ ಬೋಳುತಲೆಯ ಸಾಹುಕಾರ ಬಂದಾಗ ಎಸಿ ಕೇಳಿ ಬಂದಿದ್ದ ಹಿರಿಯರೇ ತಿರುಗಿ ಅಮ್ಮನ ಕಡೆ ನೋಡಿದರು. ಅಲ್ಲ. ಇಂಟರ್ವಲ್ ಆಯಿತು. ಸೀನು ಮಾಮ ಇಲ್ಲ.

ವಸುಧಾ ತಂದುಕೊಟ್ಟ ಪಫ್ಸನ್ನು ಅಮ್ಮ ಮುಟ್ಟಲಿಲ್ಲ. "ಕತ್ತರಿಸಿ ಹಾಕಿರ್ತಾರೆ" ಎಂದಳು ಮೆಲ್ಲಗೆ. "ಒಂದು ಮಾತಲ್ವಾ, ಯಾರಿಗೆ ಬೇಕು. ಪಾಪ, ಅವನಿಗೆ ಗೊತ್ತೋ ಇಲ್ವೋ. ಊರಿಗೆಲ್ಲ ಹೇಳ್ಕೊಂಡು ಬಂದಿರ್ತಾನೆ. ನಂಗೂ ಹೇಳ್ದ." ಕನ್ನಡಕ ಸರಿಮಾಡಿಕೊಂಡು, "ಅಷ್ಟು ಸಲ ಕರೆದ. ಒಂದು ಸಲ ಹೋಗಿದ್ರೆ ಏನಾಗ್ತಿತ್ತು ನಂಗೆ" ಎಂದಳು. ಮೇಘ ಅಜ್ಜಿಯ ಕೈ ಹಿಡಿದುಕೊಂಡು ಕುಳಿತಳು.

ಮತ್ತೆ ಕತ್ತಲಾಯಿತು. ತೆರೆಯ ಮೇಲೆ ಒಂದು ಕ್ಷೌರದ ಅಂಗಡಿ. ಕುರ್ಚಿಯಲ್ಲಿ ಯಾರೋ ಕುಳಿತಿದ್ದಾರೆ. ಕುತ್ತಿಗೆಯವರೆಗೆ ಬಿಳಿ ಬಟ್ಟೆ, ಮುಖದ ತುಂಬ ನೊರೆ, ಕಾಣುವುದು ಕಣ್ಣು, ಮೂಗು ಮಾತ್ರ. ಕ್ಷೌರಿಕ ಒಂದು ಕೆನ್ನೆ ನುಣ್ಣಗೆ ಹೆರೆದು ಮುಗಿಸುವಷ್ಟರಲ್ಲಿ ನಾಯಕ ಓಡಿ ಬಂದು ಆ ಕ್ಷೌರಿಕನನ್ನು ಎಳೆದುಕೊಂಡು ಹೋಗುತ್ತಾನೆ. ಅಂಗಡಿ ಖಾಲಿ. ಕುರ್ಚಿಯಲ್ಲಿದ್ದ ಮನುಷ್ಯ ನಿಧಾನವಾಗಿ ಕನ್ನಡಿ ನೋಡುತ್ತಾನೆ. ಬಾಗಿಲು ನೋಡುತ್ತಾನೆ. ನೊರೆ ಇರುವ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ, ತಬ್ಬಲಿ ಮಗುವಿನ ದನಿಯಲ್ಲಿ, "ಇದು?" ಎನ್ನುತ್ತಾನೆ.

"ಸೀನಾ!" ಎಂದು ಅಮ್ಮ ಎದ್ದು ನಿಂತೇಬಿಟ್ಟಳು.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಆ "ಇದು?" ಎಂಬ ಮಾತು ಮಲಯಾಳದಲ್ಲಿಯೂ "ಇದು?" ಎಂದೇ ಇರುವುದರಿಂದ ಯಾರೂ ಕೆಳಗಿನ ಅಕ್ಷರ ಓದಬೇಕಾಗಲಿಲ್ಲ. ನರ್ಸುಗಳು ಸಿಳ್ಳೆ ಹಾಕಿದರು. ಸಿಳ್ಳೆ ಹಾಕಬಲ್ಲ ನರ್ಸುಗಳನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟಕ್ಕೇ ಮುಗಿಯಲಿಲ್ಲ. ಸೀನು ಮಾಮ ನಮಗೆ ಹೇಳದೆ ಮುಚ್ಚಿಟ್ಟದ್ದು ಇನ್ನೂ ಇತ್ತು. ಮುಂದೆ ಬಸ್ ನಿಲ್ದಾಣದ ದೃಶ್ಯದಲ್ಲಿ ಜನಜಂಗುಳಿಯ ನಡುವೆ ಅದೇ ಮನುಷ್ಯ, ಅದೇ ಅರ್ಧ ಕೆನ್ನೆಯ ನೊರೆಯೊಂದಿಗೆ, ಕ್ಷೌರಿಕನನ್ನು ಹುಡುಕುತ್ತ ಅತ್ತಿಂದಿತ್ತ ಹೋದ. ಪೊಲೀಸ್ ಠಾಣೆಯಲ್ಲಿ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಕೊನೆಯ ಮದುವೆಯ ದೃಶ್ಯದಲ್ಲಿ ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆಳೆದ ಬಿಳಿ ಗಡ್ಡದೊಂದಿಗೆ ಬಂದು, ಗಂಭೀರವಾಗಿ ಅಕ್ಷತೆ ಹಾಕಿದ. ಪ್ರತಿ ಸಲವೂ ಇಡೀ ಹಾಲು ಚಪ್ಪಾಳೆ ತಟ್ಟಿ ಅಮ್ಮನ ಕಡೆ ತಿರುಗಿತು. ಅಮ್ಮ ನಗುತ್ತಲೇ ಅಳುತ್ತಿದ್ದಳು. ಕಣ್ಣು ಒರೆಸಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರಿಂದ ಒರೆಸಿಕೊಳ್ಳಲಿಲ್ಲ. ನೀರು ಕಪ್ಪು ಕನ್ನಡಕದ ಕೆಳಗಿನಿಂದ ಇಳಿದು ರೇಷ್ಮೆ ಸೀರೆಯ ಮೇಲೆ ಬೀಳಲು ಬಿಟ್ಟಳು.

ಹೊರಗೆ ಬಂದ ಕೂಡಲೇ ಫೋನ್ ಮಾಡಿಸಿದಳು.

"ಸೀನಾ, ನೋಡ್ದೆ ಕಣೋ."

"ಏನಕ್ಕ?"

"ನಿನ್ನ ಸಿನಿಮಾ. ಕೊಚ್ಚೀಲಿ. ಥಿಯೇಟ್ರಲ್ಲಿ."

"ನೀನಾ? ನೀನು ನೋಡಿದ್ಯಾ, ಅಕ್ಕ?" ಎಂಬ ದನಿ ಬಂತು, ಬಹಳ ಸಣ್ಣದಾಗಿ.

"ನೋಡ್ದೆ. ಬಟ್ಟೆ ಸರಿಯಾಗಿ ಕಟ್ಕೊಂಡಿರಲಿಲ್ಲ ನೀನು, ನೊರೆಯೆಲ್ಲ ಕುತ್ತಿಗೆಗೆ ಇಳೀತಿತ್ತು. ಶೀತ ಆಗ್ಲಿಲ್ವಾ?" ಎಂದಳು ಅಮ್ಮ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವಳಿಗೆ ಬರುವುದಿಲ್ಲ. "ತಾಳು, ಇಲ್ಲಿ ಎಲ್ಲರೂ ಇದ್ದಾರೆ" ಎಂದು ಫೋನನ್ನು ಪಕ್ಕದವರಿಗೆ ಕೊಟ್ಟಳು.

ಫೋನು ಕೈಯಿಂದ ಕೈಗೆ ಹೋಯಿತು. ನರ್ಸುಗಳು ಒಬ್ಬೊಬ್ಬರಾಗಿ "ಅಡಿಪೊಳಿ, ಮಾಮಾ!" ಎಂದು ಕೂಗಿದರು. ಭರ್ಜರಿ, ಮಾಮಾ ಎಂದು. ಮದುವೆಯಾದ ಹುಡುಗ "ಇದು?" ಎಂದು ಅಣಕಿಸಿ ತೋರಿಸಿದ. ಮುಂಡಿನ ಹಿರಿಯರು ಅಚ್ಚ ಮಲಯಾಳದಲ್ಲಿ ದೀರ್ಘವಾಗಿ ಏನೋ ವಿಮರ್ಶೆ ಹೇಳಿದರು. ಕೊನೆಗೆ ಮ್ಯಾನೇಜರೂ "ವಳರೆ ನನ್ನಾಯಿ", ಬಹಳ ಚೆನ್ನಾಗಿತ್ತು ಎಂದು ಮೆಚ್ಚಿದರು. ಫೋನು ಅಮ್ಮನ ಕೈಗೆ ಮರಳಿದಾಗ ಸೀನು ಮಾಮ ಕೇಳುತ್ತಿದ್ದ, "ಅಕ್ಕ, ಯಾರೇ ಇವರೆಲ್ಲ? ನಂಗೆ ಒಂದೂ ಅರ್ಥ ಆಗ್ತಿಲ್ಲ."

"ನಂಗೂ ಆಗಲ್ಲ ಕಣೋ. ನಿನ್ನ ಸಿನಿಮಾ ನೋಡಿದವರು" ಎಂದಳು ಅಮ್ಮ.

ಆ ಸಿನಿಮಾ ಆಮೇಲೆ, ಅಮ್ಮ ಇನ್ನೂ ನಮ್ಮಲ್ಲಿದ್ದಾಗಲೇ, ಬಾಡಿಗೆಗೂ ಬಂತು. ಶ್ರೀಕಾರ್ಯಂನ ನಮ್ಮ ಮನೆಯಲ್ಲಿ ಅದನ್ನು ಮಾತ್ರ ಯಾರೂ ಹುಡುಕಲಿಲ್ಲ, ಯಾರೂ ತಕರಾರು ಮಾಡಲಿಲ್ಲ. ಎರಡು ದಿನವಾದ ಮೇಲೆ ಅದು ಟಿವಿಯಿಂದ ಹೊರಟುಹೋಗುತ್ತದೆ ಎಂದು ರಘು ವಿವರಿಸಿದಾಗ ಅಮ್ಮ ಗಾಬರಿಯಾಗಿ, "ಹಾಗಾದ್ರೆ ಈಗಲೇ ಇನ್ನೊಂದು ಸಲ ಹಾಕು" ಎಂದಳು. ಅಕ್ಕಪಕ್ಕದ ಮನೆಯವರೆಲ್ಲ ಬಂದು ನೋಡಿಹೋದರು.

ಆದರೆ ನನಗೆ ಹೆಚ್ಚು ನೆನಪಿರುವುದು ಕೊಚ್ಚಿಯಿಂದ ಬಂದ ಮರುವಾರ ನಡೆದದ್ದು. ಅಮ್ಮ ಬೆಳಿಗ್ಗೆಯೇ ಮೇಘಳನ್ನು ಕರೆದು, ಅಲ್ಲಿ ಆ ನರ್ಸು ಹುಡುಗಿಯರಿಗೆಲ್ಲ ಟಿಕೆಟ್ ಸಿಗದೆ ಹೋದ ಮಲಯಾಳ ಸಿನಿಮಾ ಯಾವುದು, ನಮ್ಮೂರಲ್ಲಿ ಇದೆಯೇ ನೋಡು ಎಂದಳು. "ನಿನಗೆ ಒಂದಕ್ಷರ ಅರ್ಥವಾಗುವುದಿಲ್ಲ" ಎಂದೆ. "ಅವರಿಗೆ ಅರ್ಥವಾಗಿತ್ತಾ? ಅವರ ಸಿನಿಮಾ ಬಿಟ್ಟು ನಮ್ಮ ಸೀನನ್ನ ನೋಡಿದ್ರಲ್ಲ" ಎಂದಳು. ರಘುವೂ ಸೇರಿ ನಾಲ್ವರೂ ತಿರುವನಂತಪುರದ ಥಿಯೇಟರಿಗೆ ಹೋದೆವು. ಇಲ್ಲಿಯೂ ತುಂಬಿದ ಹಾಲು.

ನಾಯಕ ಬಂದಾಗ ಎಲ್ಲರೂ ಕೂಗಿದರು, ಅಮ್ಮ ಸುಮ್ಮನಿದ್ದಳು. ನಾಯಕಿ ಬಂದಳು, ಖಳನಾಯಕ ಬಂದ, ಮಳೆ ಬಂತು, ಹೊಡೆದಾಟ ಬಂತು. ಅಮ್ಮ ತಣ್ಣಗೆ ಕಡಲೆಕಾಯಿ ತಿನ್ನುತ್ತಿದ್ದಳು. ಆಮೇಲೆ ಒಂದು ಚಹಾ ಅಂಗಡಿಯ ದೃಶ್ಯ. ನಾಯಕನೂ ಅವನ ಗೆಳೆಯನೂ ಏನೋ ಗಹನವಾದ ಮಾತಿನಲ್ಲಿದ್ದಾರೆ. ನಡುವೆ ಒಬ್ಬ ಬಡಕಲು ಮನುಷ್ಯ ಬಂದು, ಮೇಜು ಒರೆಸಿ, ಎರಡು ಲೋಟ ಇಟ್ಟು, ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು ಹೊರಟುಹೋದ. ಮಾತೂ ಇಲ್ಲ, ಮುಖವೂ ಸರಿಯಾಗಿ ಕಾಣಲಿಲ್ಲ.

ನಿಶ್ಶಬ್ದವಾಗಿದ್ದ ಆ ಹಾಲಿನಲ್ಲಿ ಅಮ್ಮ ಒಬ್ಬಳೇ ಜೋರಾಗಿ ಚಪ್ಪಾಳೆ ತಟ್ಟಿದಳು.

ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಕುರ್ಚಿಯಲ್ಲಿ ಕುಗ್ಗಿ, "ಅಮ್ಮ, ಯಾಕೆ?" ಎಂದೆ.

"ಎಷ್ಟು ಚೆನ್ನಾಗಿ ಲೋಟ ಇಟ್ಟ ನೋಡು, ಒಂದು ತೊಟ್ಟು ಚೆಲ್ಲಲಿಲ್ಲ" ಎಂದಳು ಅಮ್ಮ. "ಅವನ ಅಕ್ಕ ಯಾವ ಊರಲ್ಲಿದ್ದಾಳೋ ಏನೋ. ಅವಳ ಬದಲು ತಟ್ಟಿದೆ."